ಹಳೆ ಕಾರಿನ ಮುಂದಿನ ಇಂಡಿಕೇಟರ್: ಸರಿಯಾದ ಬಲ್ಬ್ ಯಾವುದು, ಬದಲಿಸುವುದು ಹೇಗೆ

ಅಂಬಾಸಿಡರ್, ಫಿಯಟ್, ಸ್ಟ್ಯಾಂಡರ್ಡ್ ಹೆರಾಲ್ಡ್, ಮಾರಿಸ್ ಮೈನರ್‌ನಂಥ ಹಳೆಯ ಕಾರಿನ ಮುಂದಿನ ಇಂಡಿಕೇಟರ್ ಉರಿಯದಿದ್ದರೆ ಹೆಚ್ಚಿನವರು ಮಾಡುವುದು ಒಂದೇ. ಕೆಟ್ಟ ಬಲ್ಬನ್ನು ಕಳಚಿ ಜೇಬಿಗೆ ಹಾಕಿಕೊಂಡು ಅಂಗಡಿಗೆ ಹೋಗಿ "ಇಂಥದ್ದೇ ಕೊಡಿ" ಅನ್ನುತ್ತಾರೆ. ಎಡವುವುದೂ ಅಲ್ಲೇ. ನಲವತ್ತು ಐವತ್ತು ವರ್ಷ ಓಡಿದ ಕಾರಿನಲ್ಲಿ ಈಗ ಕೂತಿರುವ ಬಲ್ಬ್ ಕಾರ್ಖಾನೆಯವರು ಹಾಕಿದ್ದಲ್ಲ. ಯಾವುದೋ ಊರಿನಲ್ಲಿ, ಯಾವುದೋ ರಾತ್ರಿ, ಯಾರದೋ ಕೈಗೆ ಸಿಕ್ಕಿದ್ದನ್ನು ಹಾಕಿರುತ್ತಾರೆ. ಹಾಗಾಗಿ ಕೆಟ್ಟ ಬಲ್ಬನ್ನು ಮಾದರಿಯಾಗಿ ಇಟ್ಟುಕೊಳ್ಳಬೇಡಿ. ಬಲ್ಬಿನ ಆಕಾರ ಯಾವುದೆಂದು ಹೋಲ್ಡರ್ ಹೇಳುತ್ತದೆ, ಎಷ್ಟು ವಾಟ್ ಎಂದು ಇಂಡಿಕೇಟರನ್ನು ಮಿನುಗಿಸುವ ಫ್ಲ್ಯಾಷರ್ ಹೇಳುತ್ತದೆ. ಇವೆರಡನ್ನೂ ನೋಡಿಕೊಂಡು ಆಮೇಲೆ ಅಂಗಡಿಗೆ ಹೋಗಿ.

ಮೊದಲು ಹೋಲ್ಡರ್ ನೋಡಿ

ದೀಪದ ಮೇಲಿನ ಮುಚ್ಚಳ, ಅಂದರೆ ಗ್ಲಾಸ್ ಬಿಚ್ಚಿ, ಬಲ್ಬ್ ತೆಗೆದು, ಹೋಲ್ಡರಿನೊಳಗೆ ಟಾರ್ಚ್ ಬಿಡಿ. ತಳದಲ್ಲಿ ಕಾಂಟ್ಯಾಕ್ಟ್ ಒಂದಿದೆಯೋ ಎರಡಿವೆಯೋ ನೋಡಿ. ಪಕ್ಕದ ಗೋಡೆಯಲ್ಲಿ ಬಲ್ಬಿನ ಪಿನ್ ಇಳಿಯುವ ಎರಡು ಸೀಳುಗಳು ಒಂದೇ ಆಳಕ್ಕೆ ಇಳಿದಿವೆಯೋ, ಒಂದು ಮೇಲೆ ಒಂದು ಕೆಳಗೆ ನಿಂತಿವೆಯೋ ನೋಡಿ. ಒಳವ್ಯಾಸ ಸುಮಾರು 15 ಮಿ.ಮೀ. ಇದೆಯೋ 9 ಮಿ.ಮೀ. ಇದೆಯೋ ಅಳೆಯಿರಿ. ಇಷ್ಟು ತಿಳಿದರೆ ಮುಕ್ಕಾಲು ಕೆಲಸ ಆದಂತೆ.

15 ಮಿ.ಮೀ. ಹೋಲ್ಡರ್, ಒಂದೇ ಕಾಂಟ್ಯಾಕ್ಟ್, ಪಿನ್‌ಗಳು ಎದುರುಬದುರು ಒಂದೇ ಎತ್ತರದಲ್ಲಿ: ಬುಡದ ಈ ಜಾತಿಯ ಹೆಸರು ಬಿಎ15ಎಸ್. ಇದಕ್ಕೆ ಕೂರುವ ಇಂಡಿಕೇಟರ್ ಬಲ್ಬ್ 12 ವೋಲ್ಟ್ 21 ವಾಟ್, ಅಂದರೆ ಪಿ21ಡಬ್ಲ್ಯೂ. ಬ್ರಿಟಿಷ್ ಕಾರಿನ ಹಳೆಯ ಪುಸ್ತಕಗಳಲ್ಲಿ ಇದೇ 382, ಅಮೆರಿಕದ ಲೆಕ್ಕದಲ್ಲಿ 1156. ಅಂಗಡಿಯಲ್ಲಿ "12 ವೋಲ್ಟ್ 21 ವಾಟ್ ಸಿಂಗಲ್ ಕಾಂಟ್ಯಾಕ್ಟ್" ಎಂದು ಕೇಳಿ.

15 ಮಿ.ಮೀ., ಎರಡು ಕಾಂಟ್ಯಾಕ್ಟ್, ಪಿನ್‌ಗಳು ಎತ್ತರದಲ್ಲಿ ಏರುಪೇರು: ಇದು ಬಿಎವೈ15ಡಿ. ಪಾರ್ಕಿಂಗ್ ಮತ್ತು ಇಂಡಿಕೇಟರ್ ಎರಡೂ ಒಂದೇ ಬಲ್ಬಿನಲ್ಲಿರುವ ದೀಪಗಳಿಗೆ ಇದು. ಬಲ್ಬ್ 12 ವೋಲ್ಟ್ 21/5 ವಾಟ್. ಬ್ರಿಟಿಷ್ ನಂಬರ್ 380, ಅಮೆರಿಕದ್ದು 1157. ಒಳಗೆ ಎರಡು ತಂತಿ: 21 ವಾಟಿನದು ಇಂಡಿಕೇಟರ್, 5 ವಾಟಿನದು ಪಾರ್ಕಿಂಗ್.

9 ಮಿ.ಮೀ. ಹೋಲ್ಡರ್ ಕಂಡರೆ ಅದು ಬಿಎ9ಎಸ್. 4 ವಾಟಿನ ಚಿಕ್ಕ ಬಲ್ಬ್ ಕೂರುತ್ತದೆ. ಇದು ಪಾರ್ಕಿಂಗ್ ದೀಪವೇ ಹೊರತು ಇಂಡಿಕೇಟರ್ ಅಲ್ಲ.

ಇನ್ನು ಒಂದನ್ನು ಗಮನದಲ್ಲಿಡಿ. ಎರಡು ಕಾಂಟ್ಯಾಕ್ಟ್ ಇದ್ದೂ ಪಿನ್‌ಗಳು ಒಂದೇ ಎತ್ತರದಲ್ಲಿರುವ ಬಿಎ15ಡಿ ಅಂತ ಒಂದು ಜಾತಿ ಇದೆ. ಅಂಗಡಿಯ ಡಬ್ಬಿಯಲ್ಲಿ 21/5 ಜೊತೆ ಬೆರೆತಿದ್ದರೆ ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಉಗುರನ್ನು ಒಂದು ಪಿನ್ನಿನ ಮೇಲಿಟ್ಟು ಬಲ್ಬನ್ನು ತಿರುಗಿಸಿ ನೋಡಿ. ಇನ್ನೊಂದು ಪಿನ್ ಮೇಲೆ ಅಥವಾ ಕೆಳಗೆ ಬರಬೇಕು.

1961ಕ್ಕಿಂತ ಹಿಂದಿನ ಮಾರಿಸ್ ಮೈನರ್‌ನಂಥ ಕಾರುಗಳಲ್ಲಿ ಮುಂದೆ ಮಿನುಗುವ ದೀಪವೇ ಇರುತ್ತಿರಲಿಲ್ಲ. ಬಾಗಿಲ ಪಕ್ಕದ ಕಂಬದಿಂದ ಹೊರಚಾಚುವ ಕೈಯೊಳಗೆ 3 ವಾಟಿನ ಉದ್ದನೆಯ, ಎರಡೂ ತುದಿ ಚೂಪಾದ ಬಲ್ಬ್ ಉರಿಯುತ್ತಿತ್ತು. ಅಂಥ ಕಾರಿಗೆ ಈಗ ಮುಂದೆ ಇಂಡಿಕೇಟರ್ ಇದ್ದರೆ ಯಾರೋ ಆಮೇಲೆ ಕೂರಿಸಿದ್ದು, ವೈರಿಂಗ್ ಕೂಡ ಅವರದೇ. ಪುಸ್ತಕದಲ್ಲಿರುವ ವೈರ್ ಬಣ್ಣಗಳನ್ನು ಅಲ್ಲಿ ನಂಬಬೇಡಿ.

ಹೋಲ್ಡರಿಗೆ ಕೂತಿತು ಅಂದರೆ ಸರಿ ಅಂತಲ್ಲ

ಬಿಎ15ಎಸ್ ಹೋಲ್ಡರಿಗೆ 5 ವಾಟಿನ ಬಲ್ಬ್ ಕೂರುತ್ತದೆ, 10 ವಾಟಿನದೂ ಕೂರುತ್ತದೆ, 21 ವಾಟಿನದೂ ಕೂರುತ್ತದೆ. ಬೈಕಿನ ಇಂಡಿಕೇಟರಿನ 12 ವೋಲ್ಟ್ 10 ವಾಟ್ ಬಲ್ಬ್ ಕಾರಿನೊಳಗೆ ಸೇರಿಕೊಳ್ಳುವುದು ಹೀಗೇ. ಲಾರಿಯ 24 ವೋಲ್ಟ್ 21 ವಾಟ್ ಬಲ್ಬ್ ಅಂತೂ ನೋಡಲು ಥೇಟ್ ಇದೇ. ಅದನ್ನು 12 ವೋಲ್ಟ್ ಕಾರಿಗೆ ಹಾಕಿದರೆ ಕೆಂಡದ ಹಾಗೆ ಕೆಂಪಗೆ ಮಿಣುಕುತ್ತದೆ ಅಷ್ಟೆ. ಆಕಾರದಲ್ಲೂ ಒಂದು ಸುಳಿವು ಸಿಗುತ್ತದೆ: 21 ವಾಟಿನ ಗಾಜಿನ ಬುರುಡೆ ಸುಮಾರು 25 ಮಿ.ಮೀ. ದಪ್ಪ, 5 ಮತ್ತು 10 ವಾಟಿನದು 19 ಮಿ.ಮೀ. ಆಸುಪಾಸು. ಆದರೂ ಕೊನೆಯ ಮಾತು ಹಿತ್ತಾಳೆ ಬುಡದ ಮೇಲೆ ಒತ್ತಿರುವ ಅಕ್ಷರದ್ದೇ. ವೋಲ್ಟ್ ಮತ್ತು ವಾಟ್ ಎರಡನ್ನೂ ಓದದೆ ದುಡ್ಡು ಕೊಡಬೇಡಿ.

ಎಷ್ಟು ವಾಟ್ ಬೇಕು ಅನ್ನುವುದು ಫ್ಲ್ಯಾಷರಿನ ಮೈಮೇಲೆ ಬರೆದಿರುತ್ತದೆ: 42 ವಾಟ್, ಅಥವಾ 21 ಗುಣಿಲೆ 2. ಮುಂದೊಂದು ಹಿಂದೊಂದು 21 ವಾಟ್ ಬಲ್ಬ್ ಎಂದು ಅದರರ್ಥ. 12 ವೋಲ್ಟಿನಲ್ಲಿ ಒಂದೊಂದು 1.75 ಆಂಪಿಯರ್ ಎಳೆಯುತ್ತದೆ, ಎರಡೂ ಸೇರಿ 3.5. ಹಳೆಯ ಫ್ಲ್ಯಾಷರ್ ಈ ಕರೆಂಟಿನ ಬಿಸಿಯಿಂದಲೇ ಕೆಲಸ ಮಾಡುವ ಸಾಧನ. ಮುಂದೆ 10 ವಾಟ್ ಹಾಕಿದರೆ ಬೇಕಾದಷ್ಟು ಬಿಸಿ ಹುಟ್ಟದೆ ತಾಳ ತಪ್ಪುತ್ತದೆ. ಆಗ ಜನ ಫ್ಲ್ಯಾಷರನ್ನು ಬೈದು ಹೊಸದು ತರುತ್ತಾರೆ. ತಪ್ಪು ಅದರದಲ್ಲ.

ಉಲ್ಟಾ ತಪ್ಪು ಇನ್ನೂ ಕೆಟ್ಟದ್ದು. 5 ವಾಟಿನ ಪಾರ್ಕಿಂಗ್ ಜಾಗಕ್ಕೆ 21 ವಾಟ್ ಹಾಕಿ ರಾತ್ರಿಯಿಡೀ ಉರಿಸಿದರೆ ಪ್ಲಾಸ್ಟಿಕ್ ಗ್ಲಾಸ್ ಉಬ್ಬಿ ಸೊಟ್ಟಗಾಗುತ್ತದೆ. ಇಂಡಿಕೇಟರ್ ಬಿಟ್ಟು ಬಿಟ್ಟು ಉರಿಯುವುದರಿಂದ ಆ ಬಿಸಿಯನ್ನು ತಾಳಿಕೊಳ್ಳುತ್ತದೆ. ಪಾರ್ಕಿಂಗಿಗೆ ಅಂಥ ಬಿಡುವಿಲ್ಲ. ಹಳೆಯ ಗ್ಲಾಸ್ ಒಮ್ಮೆ ಕೆಟ್ಟರೆ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲೂ ಅದೇ ಅಳತೆಯದು ಸಿಕ್ಕೇ ಸಿಗುತ್ತದೆ ಎನ್ನುವ ಹಾಗಿಲ್ಲ. ಬಲ್ಬ್ ಮಾತ್ರ ಯಾವ ಊರಿನಲ್ಲಾದರೂ ಸಿಗುತ್ತದೆ.

ಬಣ್ಣದ ವಿಷಯ. 1960ರ ದಶಕದ ಮೊದಲ ಭಾಗದವರೆಗೆ ಬ್ರಿಟಿಷ್, ಅಮೆರಿಕನ್ ಕಾರುಗಳ ಮುಂದಿನ ಇಂಡಿಕೇಟರಿಗೆ ಬಿಳಿ ಗ್ಲಾಸ್ ಇರುತ್ತಿತ್ತು. ನಮ್ಮ ರಸ್ತೆಯಲ್ಲಿ ಇಂಡಿಕೇಟರ್ ಅಂಬರ್ (ಕಿತ್ತಳೆ ಛಾಯೆಯ ಹಳದಿ) ಬಣ್ಣಕ್ಕೆ ಮಿನುಗಬೇಕು. ಮೂಲ ಗ್ಲಾಸ್ ಉಳಿಸಿಕೊಳ್ಳುವ ಆಸೆಯಿದ್ದರೆ ಅಂಬರ್ ಬಣ್ಣದ ಬಲ್ಬ್ ಹಾಕಿ. ಅಲ್ಲೊಂದು ತೊಡಕಿದೆ: ಈಗಿನ ಕಾರುಗಳ ಅಂಬರ್ ಬಲ್ಬ್ ಪಿವೈ21ಡಬ್ಲ್ಯೂ ಹಳೆ ಹೋಲ್ಡರಿಗೆ ಇಳಿಯುವುದಿಲ್ಲ. ಅದರ ಪಿನ್‌ಗಳು ನೇರ ಎದುರುಬದುರು ಇಲ್ಲ, 150 ಡಿಗ್ರಿಗೆ ಓರೆಯಾಗಿವೆ. ಬಿಎ15ಎಸ್ ಬುಡದ ಅಂಬರ್ ಬಲ್ಬ್ ಎಂದೇ ಕೇಳಿ. ಪಾರ್ಕಿಂಗ್ ಕೂಡ ಅದೇ ಬಲ್ಬಿನಲ್ಲಿದ್ದರೆ ಅಂಬರ್ ಹಾಕಿದ ಮೇಲೆ ಪಾರ್ಕಿಂಗೂ ಅಂಬರ್ ಆಗುತ್ತದೆ ಎಂಬುದು ನೆನಪಿರಲಿ.

ಫೋಕ್ಸ್‌ವ್ಯಾಗನ್ ಬೀಟಲ್ ಇಟ್ಟುಕೊಂಡವರು ವೋಲ್ಟೇಜ್ ನೋಡಿಯೇ ಮುಂದುವರಿಯಬೇಕು. 1967ರ ಮಾಡೆಲ್‌ಗಿಂತ ಹಿಂದಿನವು 6 ವೋಲ್ಟ್, ನಡುವೆ ಯಾರಾದರೂ 12ಕ್ಕೆ ಬದಲಿಸಿಕೊಂಡಿರಲೂಬಹುದು. ಬ್ಯಾಟರಿಯ ಮೇಲಿನ ಮುಚ್ಚಳ ಎಣಿಸಿ: ಮೂರಿದ್ದರೆ 6 ವೋಲ್ಟ್, ಆರಿದ್ದರೆ 12.

ಬಿಚ್ಚುವುದು

ಬೇಕಾದ ಸಾಮಾನು: ಸ್ಕ್ರೂ ತಲೆಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್, ತುಕ್ಕು ಬಿಡಿಸುವ ಎಣ್ಣೆ, 400 ಅಥವಾ 600 ನಂಬರಿನ ಉಪ್ಪುಕಾಗದ, ಹಳೆ ಟೂತ್ ಬ್ರಶ್, ಕಾಂಟ್ಯಾಕ್ಟ್ ಕ್ಲೀನರ್, ಪೆಟ್ರೋಲಿಯಂ ಜೆಲ್ಲಿ, ಮಲ್ಟಿಮೀಟರ್, ಒಂದು ಮೀಟರ್ ವೈರ್.

1. ಕೆಲಸದ ಹಿಂದಿನ ರಾತ್ರಿಯೇ ಗ್ಲಾಸಿನ ಸ್ಕ್ರೂಗಳಿಗೆ ಒಂದೊಂದು ಹನಿ ಎಣ್ಣೆ ಬಿಡಿ. ಸ್ಪ್ರೇ ಹೊಡೆಯಬೇಡಿ, ಪ್ಲಾಸ್ಟಿಕ್ಕಿನ ಮೇಲೆ ಹರಡುತ್ತದೆ. ಕಡ್ಡಿಯಲ್ಲಿ ಅದ್ದಿ ಮುಟ್ಟಿಸಿ.

2. ಇಗ್ನಿಷನ್ ಆಫ್ ಮಾಡಿ, ಬ್ಯಾಟರಿಯ ಅರ್ತ್ ಕೇಬಲ್, ಅಂದರೆ ಕಾರಿನ ಮೈಗೆ ಜೋಡಿಸಿರುವ ಕೇಬಲ್ ಬಿಚ್ಚಿ. ಅರ್ತ್ ಯಾವುದು ಅನ್ನುವುದನ್ನು ಕಣ್ಣಲ್ಲಿ ನೋಡಿಯೇ ಖಚಿತಪಡಿಸಿಕೊಳ್ಳಿ. 1960ರ ದಶಕದ ಕೊನೆಯವರೆಗಿನ ಬಹುಪಾಲು ಬ್ರಿಟಿಷ್ ಕಾರುಗಳಲ್ಲಿ ಕಾರಿನ ಮೈಗೆ ಜೋಡಿಸಿರುವುದು ಪಾಸಿಟಿವ್.

3. ಸ್ಕ್ರೂಗಳನ್ನು ಅರ್ಧರ್ಧ ಸುತ್ತು ಸರದಿಯಲ್ಲಿ ಸಡಿಲಿಸಿ. ಅಲ್ಲಾಡದಿದ್ದರೆ ಮೊದಲು ಒಂದಿಷ್ಟು ಬಿಗಿಯುವ ಕಡೆಗೆ ತಿರುವಿ, ಆಮೇಲೆ ಬಿಚ್ಚುವ ಕಡೆಗೆ. ತುಕ್ಕಿನ ಹಿಡಿತ ತಪ್ಪುವುದು ಹೀಗೆ.

4. ಗ್ಲಾಸ್ ರಬ್ಬರಿಗೆ ಅಂಟಿಕೊಂಡಿದ್ದರೆ ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ. ಬಿಸಿನೀರಲ್ಲಿ ಅದ್ದಿದ ಬಟ್ಟೆಯನ್ನು ಎರಡು ನಿಮಿಷ ಒತ್ತಿ ಹಿಡಿದು ಅಂಗೈಯಿಂದ ತಿರುಚಿ. ಗ್ಲಾಸಿನ ಅಂಚಿನಲ್ಲಿ ನೀರು ಇಳಿಯುವ ಚಿಕ್ಕ ತೂತು ಅಥವಾ ಸೀಳು ಇದ್ದರೆ ಅದು ಕೆಳಮುಖ. ಮತ್ತೆ ಕೂರಿಸುವಾಗಲೂ ಹಾಗೇ ಬರಬೇಕು.

5. ಬಲ್ಬನ್ನು ಒಳಕ್ಕೆ ಒತ್ತಿ, ಒತ್ತಿದ ಹಾಗೇ ಎಡಕ್ಕೆ ತಿರುಗಿಸಿ, ಬಿಡಿ. ಸ್ಪ್ರಿಂಗ್ ತಾನೇ ಹೊರಗೆ ತಳ್ಳುತ್ತದೆ.

ತಳ್ಳದಿದ್ದರೆ ಬಲವಂತ ಬೇಡ. ಹಿತ್ತಾಳೆ ಬುಡ ಹೋಲ್ಡರಿಗೆ ಕಚ್ಚಿಕೊಂಡಿದ್ದಾಗ ಗಾಜು ಹಿಡಿದು ತಿರುಚಿದರೆ ಗಾಜು ಮಾತ್ರ ಕೈಗೆ ಬರುತ್ತದೆ, ಬೆರಳು ಕೊಯ್ಯುತ್ತದೆ. ಬುಡದ ಸುತ್ತ ಎಣ್ಣೆ ಬಿಟ್ಟು ಅರ್ಧ ಗಂಟೆ ಕಾಯಿರಿ, ದಪ್ಪ ಬಟ್ಟೆ ಸುತ್ತಿ ಪ್ರಯತ್ನಿಸಿ. ಗಾಜು ಒಡೆದೇ ಹೋದರೆ ಉಳಿದ ಚೂರನ್ನು ತೆಗೆದು, ಚೂಪು ಮೂತಿಯ ಇಕ್ಕಳದಿಂದ ಬುಡದ ಅಂಚನ್ನು ಹಿಡಿದು ಒತ್ತಿ ತಿರುಗಿಸಿ. ಹಸಿ ಆಲೂಗಡ್ಡೆ ಚುಚ್ಚಿ ತಿರುಗಿಸುವ ಉಪಾಯವನ್ನು ಕೆಲವರು ಹೇಳುತ್ತಾರೆ. ಬುಡ ಹೊರಬರಬಹುದು, ಆದರೆ ಅದರ ರಸ ಕಾಂಟ್ಯಾಕ್ಟಿಗೆ ಇಳಿದು ಹೊಸ ಕಿಲುಬಿಗೆ ದಾರಿಯಾಗುತ್ತದೆ. ಆಲೂಗಡ್ಡೆ ಪಲ್ಯಕ್ಕೇ ಇರಲಿ.

ತೆಗೆದ ಬಲ್ಬನ್ನು ಎಸೆಯುವ ಮುಂಚೆ ಬೆಳಕಿಗೆ ಹಿಡಿದು ನೋಡಿ. ಗಾಜು ಕಪ್ಪಾಗಿ ತಂತಿ ತುಂಡಾಗಿದ್ದರೆ ಅದು ವಯಸ್ಸಿನ ಸಾವು. ಗಾಜು ಸ್ವಚ್ಛವಾಗಿದ್ದು ತಂತಿ ಮಾತ್ರ ತುಂಡಾಗಿದ್ದರೆ ಅದುರು ಅಥವಾ ಹೆಚ್ಚಿನ ವೋಲ್ಟೇಜ್. ಒಳಗೆ ಹಾಲಿನ ಹಾಗೆ ಬಿಳಿ ಪುಡಿ ಕೂತಿದ್ದರೆ ಗಾಜಿನ ಬಿರುಕಿನಿಂದ ಗಾಳಿ ಹೊಕ್ಕಿದೆ. ತಳದ ಬೆಸುಗೆ ಮೊಟ್ಟು ಕರಗಿ ಚಪ್ಪಟೆಯಾಗಿದ್ದರೆ ಹೋಲ್ಡರಿನ ಸ್ಪ್ರಿಂಗ್ ಸತ್ತಿದೆ, ಸಡಿಲ ಕಾಂಟ್ಯಾಕ್ಟ್ ಕಾದು ಕರಗಿಸಿದೆ. ಇಂಥ ಕಡೆ ಬಲ್ಬ್ ಮಾತ್ರ ಬದಲಿಸಿದರೆ ಅದೂ ಅದೇ ದಾರಿ ಹಿಡಿಯುತ್ತದೆ. ತಂತಿ ನೋಡಲು ಸರಿಯಿದ್ದರೆ ಮಲ್ಟಿಮೀಟರನ್ನು ಓಮ್‌ಗೆ ಇಟ್ಟು ಅಳೆಯಿರಿ. ತಣ್ಣಗಿರುವ 21 ವಾಟಿನ ತಂತಿ ಒಂದು ಓಮ್‌ಗಿಂತ ಕಡಿಮೆ ತೋರಿಸುತ್ತದೆ. ಲೆಕ್ಕದ ಪ್ರಕಾರ 7 ಬರಬೇಕಲ್ಲ ಎಂದು ಗಾಬರಿ ಬೇಡ, 7 ಬರುವುದು ಉರಿಯುವಾಗ.

ಅರ್ತ್ ಸರಿಯಿಲ್ಲದಿದ್ದರೆ ಹೊಸ ಬಲ್ಬೂ ಉರಿಯದು

ಬಲ್ಬಿನ ಬುಡದಿಂದ ಹೋಲ್ಡರಿಗೆ, ಹೋಲ್ಡರಿನಿಂದ ದೀಪದ ತಗಡಿಗೆ, ಅಲ್ಲಿಂದ ಸ್ಕ್ರೂ ಮೂಲಕ ಮಡ್‌ಗಾರ್ಡಿಗೆ: ಬಹಳ ಹಳೆ ಕಾರುಗಳಲ್ಲಿ ಅರ್ತ್ ಹರಿಯುವ ದಾರಿ ಇದು. ಕಾರಿಗೆ ಎರಡು ಮೂರು ಸಲ ಪೇಂಟ್ ಆಗಿದ್ದರೆ, ಮಡ್‌ಗಾರ್ಡ್ ಒಳಗೆ ಕೆಸರು ಸಿಡಿದು ತುಕ್ಕು ಹಿಡಿದಿದ್ದರೆ, ಈ ದಾರಿಯಲ್ಲಿ ಎಲ್ಲೋ ಒಂದು ಕಡೆ ತಡೆ ಇದ್ದೇ ಇರುತ್ತದೆ. ಮಂಗಳೂರು, ಉಡುಪಿ, ಕಾರವಾರದ ಕಡಲ ಗಾಳಿಗೆ ನಿಂತ ಕಾರಾದರೆ ಹಿತ್ತಾಳೆ ಹೋಲ್ಡರಿನಲ್ಲಿ ಹಸಿರು ಕಿಲುಬು ಕೂಡ ಸೇರಿಕೊಂಡಿರುತ್ತದೆ.

ಪಾರ್ಕಿಂಗ್ ಮತ್ತು ಇಂಡಿಕೇಟರ್ ಒಂದೇ ಬಲ್ಬಿನಲ್ಲಿದ್ದು ಅರ್ತ್ ಹೋದಾಗ ಆಗುವ ಆಟ ನೋಡಿದರೆ ಯಾರೂ ಬಲ್ಬ್ ದೋಷ ಅನ್ನಲಾರರು. ಪಾರ್ಕಿಂಗ್ ಹಾಕಿದರೆ ಅದು ಹೆಚ್ಚುಕಡಿಮೆ ಸರಿಯಾಗಿಯೇ ಉರಿಯುತ್ತದೆ. 5 ವಾಟಿನ ತಂತಿಯ ಕರೆಂಟ್ ಕಾರಿನ ಮೈಗೆ ಇಳಿಯಲಾರದೆ 21 ವಾಟಿನ ತಂತಿಯೊಳಗೆ ಹೊಕ್ಕು, ಇಂಡಿಕೇಟರ್ ವೈರ್ ಹಿಡಿದು, ಹಿಂದಿನ ಬಲ್ಬಿನ ಮೂಲಕ ಅರ್ತ್ ಸೇರುತ್ತಿರುತ್ತದೆ. ಈಗ ಆ ಬದಿಯ ಇಂಡಿಕೇಟರ್ ಹಾಕಿ. ಹಿಂದಿನದು ಹೊತ್ತಿದಾಗಲೆಲ್ಲ ಮುಂದಿನ ಪಾರ್ಕಿಂಗ್ ಆರುತ್ತದೆ, ಅದು ಆರಿದಾಗ ಇದು ಹೊತ್ತುತ್ತದೆ. ಪಾರ್ಕಿಂಗ್ ಆಫ್ ಮಾಡಿ ಇಂಡಿಕೇಟರ್ ಮಾತ್ರ ಹಾಕಿದರೆ ಮುಂದಿನ ಬಲ್ಬ್ ಮಂಕಾಗಿ ಮಿಣುಕುತ್ತದೆ, ಬೇರೆ ಪಾರ್ಕಿಂಗ್ ದೀಪಗಳೂ ಅದರ ಜೊತೆ ನಸುವಾಗಿ ಮಿಣುಕಬಹುದು. ಈ ಲಕ್ಷಣ ಕಂಡರೆ ನೇರ ಅರ್ತ್‌ಗೆ ಕೈಹಾಕಿ.

ಹೋಲ್ಡರಿನ ಒಳಗೋಡೆಯನ್ನು ಕಡ್ಡಿಗೆ ಸುತ್ತಿದ ಉಪ್ಪುಕಾಗದದಿಂದ ಹಿತ್ತಾಳೆ ಹೊಳೆಯುವವರೆಗೆ ಉಜ್ಜಿ. ತಳದ ಕಾಂಟ್ಯಾಕ್ಟುಗಳನ್ನು ನಯವಾಗಿ ಕೆರೆದು ಕ್ಲೀನರ್ ಹೊಡೆಯಿರಿ. ಕಾಂಟ್ಯಾಕ್ಟನ್ನು ಬೆರಳಿನಿಂದ ಒತ್ತಿದರೆ ಮೇಲಕ್ಕೆ ಪುಟಿಯಬೇಕು. ಪುಟಿಯದಿದ್ದರೆ, ಕೆಳಗಿನ ಫೈಬರ್ ಬಿಲ್ಲೆ ಸುಟ್ಟು ಕಪ್ಪಾಗಿದ್ದರೆ, ಹೋಲ್ಡರನ್ನೇ ಬದಲಿಸಿ. ಸ್ಪ್ರಿಂಗ್ ಎಳೆದು ಉದ್ದ ಮಾಡಿ ಸಾಗಹಾಕುವ ಕೆಲಸ ಒಂದು ಮಳೆಗಾಲ ದಾಟುವುದಿಲ್ಲ. ದೀಪದ ತಗಡು ಮಡ್‌ಗಾರ್ಡಿಗೆ ಕೂರುವ ಒಂದು ಸ್ಕ್ರೂ ಸುತ್ತ ಪೇಂಟ್ ಕೆರೆದು ಹಲ್ಲಿನ ವಾಷರ್ ಹಾಕಿ. ಇದಕ್ಕಿಂತ ಒಳ್ಳೆಯದು, ಹೋಲ್ಡರಿನಿಂದ 1 ಚದರ ಮಿ.ಮೀ. ಗಾತ್ರದ ಕಪ್ಪು ವೈರ್ ಒಂದನ್ನು ಎಳೆದು ಬಾನೆಟ್ ಒಳಗಿನ ಗಟ್ಟಿ ಬೋಲ್ಟಿಗೆ ಕಟ್ಟುವುದು. ಆಮೇಲೆ ಮಡ್‌ಗಾರ್ಡಿನ ತುಕ್ಕು, ಪೇಂಟ್ ಯಾವುದರ ಹಂಗೂ ಇರುವುದಿಲ್ಲ.

ಒಳಗಿನ ಹೊಳಪಿನ ತಗಡು ಕ್ರೋಮ್ ಆಗಿದ್ದರೆ ಸೋಪುನೀರಲ್ಲಿ ತೊಳೆಯಿರಿ. ಕನ್ನಡಿಯಂಥ ತೆಳು ಲೇಪವಾಗಿದ್ದರೆ ಉಜ್ಜಬೇಡಿ, ಬಟ್ಟೆಯ ಜೊತೆಗೇ ಎದ್ದುಬರುತ್ತದೆ.

ಕೂರಿಸುವುದು, ಪರೀಕ್ಷಿಸುವುದು

ಹೊಸ ಬಲ್ಬಿನ ಬುಡಕ್ಕೆ ಪೆಟ್ರೋಲಿಯಂ ಜೆಲ್ಲಿಯನ್ನು ಸವರಿದೆವೋ ಇಲ್ಲವೋ ಎನ್ನುವಷ್ಟು ತೆಳ್ಳಗೆ ಸವರಿ. 21/5 ಬಲ್ಬಾದರೆ ಮೇಲಿನ ಪಿನ್ ಯಾವ ಸೀಳಿಗೆ ಎಂದು ನೋಡಿ ಇಳಿಸಿ, ಒತ್ತಿ, ಬಲಕ್ಕೆ ತಿರುಗಿಸಿ. ಸುಲಭವಾಗಿ ತಿರುಗದಿದ್ದರೆ ಪಿನ್ ತಪ್ಪು ಸೀಳಿನಲ್ಲಿದೆ. ಇಕ್ಕಳ ಹಿಡಿದು ತಿರುಚಿ ಕೂರಿಸಿದವರೂ ಇದ್ದಾರೆ. ಆಗ ತಂತಿಗಳು ಅದಲುಬದಲಾಗಿ ಪಾರ್ಕಿಂಗ್ ಕಣ್ಣು ಕುಕ್ಕುತ್ತದೆ, ಇಂಡಿಕೇಟರ್ ಹಗಲಲ್ಲಿ ಕಾಣುವುದೇ ಇಲ್ಲ. ಎರಡು ಕಾಂಟ್ಯಾಕ್ಟಿನ ಹೋಲ್ಡರಿಗೆ ಸಿಂಗಲ್ ಕಾಂಟ್ಯಾಕ್ಟ್ ಬಲ್ಬ್ ತುರುಕಿದರೆ ನಡುವಿನ ಮೊಟ್ಟು ಎರಡೂ ಕಾಂಟ್ಯಾಕ್ಟನ್ನು ಸೇರಿಸಿಬಿಡಬಹುದು, ಆಗ ಇಂಡಿಕೇಟರ್ ಹಾಕಿದರೆ ಕಾರಿನ ಪಾರ್ಕಿಂಗ್ ದೀಪಗಳೆಲ್ಲ ಜೊತೆಗೆ ಮಿನುಗುತ್ತವೆ. ಗಾಜಿಗೆ ಬೆರಳು ತಾಗಬಾರದು ಎಂಬ ನಿಯಮ ಹ್ಯಾಲೊಜನ್ ಹೆಡ್‌ಲೈಟ್ ಬಲ್ಬಿನದು. ಇಲ್ಲಿ ಬಟ್ಟೆಯಿಂದ ಒರೆಸಿದರೆ ಸಾಕು.

ಗ್ಲಾಸ್ ಮುಚ್ಚುವ ಮುಂಚೆಯೇ ಪರೀಕ್ಷೆ ಮುಗಿಸಿ. ಅರ್ತ್ ಕೇಬಲ್ ಜೋಡಿಸಿ, ಪಾರ್ಕಿಂಗ್ ಒಂದೇ ಹಾಕಿ ನೋಡಿ. ಇಂಡಿಕೇಟರ್ ಒಂದೇ ಹಾಕಿ ನೋಡಿ. ಎರಡನ್ನೂ ಕೂಡಿ, ಆಮೇಲೆ ಹೆಡ್‌ಲೈಟ್ ಕೂಡ ಹಾಕಿ ನೋಡಿ. ನಿಮಿಷಕ್ಕೆ 60ರಿಂದ 120 ಸಲ ಮಿನುಗಿದರೆ ಸರಿ.

ಉರಿಯುತ್ತದೆ ಆದರೆ ಮಂಕು ಅನ್ನಿಸಿದರೆ ಮಲ್ಟಿಮೀಟರ್ ತೆಗೆಯಿರಿ. ಫ್ಲ್ಯಾಷರಿನ ಬಿ (ಬ್ಯಾಟರಿಯಿಂದ ಬರುವ) ಮತ್ತು ಎಲ್ (ದೀಪದ ಕಡೆಗೆ ಹೋಗುವ) ವೈರುಗಳನ್ನು ಸ್ವಲ್ಪ ಹೊತ್ತು ಒಟ್ಟು ಸೇರಿಸಿದರೆ ಬಲ್ಬ್ ಮಿನುಗದೆ ಒಂದೇ ಸಮ ಉರಿಯುತ್ತದೆ, ಅಳೆಯಲು ಅನುಕೂಲ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಅರ್ತ್ ತುದಿಗೆ, ಇನ್ನೊಂದು ಹೋಲ್ಡರಿನ ಮೈಗೆ. 0.2 ವೋಲ್ಟ್ ಒಳಗಿದ್ದರೆ ಅರ್ತ್ ಚೆನ್ನಾಗಿದೆ, 0.5 ದಾಟಿದರೆ ಮತ್ತೆ ಕೆರೆಯಿರಿ. ಅರ್ಧ ವೋಲ್ಟಿಗೆ ಇಷ್ಟು ರಗಳೆ ಯಾಕೆ ಅನ್ನಬೇಡಿ: ತಂತಿ ಬಲ್ಬಿಗೆ ವೋಲ್ಟೇಜ್ ನೂರಕ್ಕೆ 10 ಇಳಿದರೆ ಬೆಳಕು ಸುಮಾರು 30 ಇಳಿಯುತ್ತದೆ.

ಇದೇ ಲೆಕ್ಕ ಮೇಲ್ಮುಖವಾಗಿಯೂ ಹೌದು. ವೋಲ್ಟೇಜ್ ನೂರಕ್ಕೆ 5 ಹೆಚ್ಚಾದರೆ ಬಲ್ಬಿನ ಆಯುಸ್ಸು ಅರ್ಧಕ್ಕಿಳಿಯುತ್ತದೆ. ತಿಂಗಳಿಗೊಂದು ಬಲ್ಬ್ ಹೋಗುತ್ತಿದ್ದರೆ ಎಂಜಿನ್ ಓಡುವಾಗ ಬ್ಯಾಟರಿ ಅಳೆಯಿರಿ. 13.5ರಿಂದ 14.4 ಇರಬೇಕು. 15 ದಾಟುತ್ತಿದ್ದರೆ ರೆಗ್ಯುಲೇಟರ್ ನೋಡಿಸಬೇಕು.

ಬಿ–ಎಲ್ ಸೇರಿಸಿದಾಗ ಎರಡೂ ಬಲ್ಬ್ ಚೆನ್ನಾಗಿ ಉರಿದು, ಬಿಡಿಸಿ ಫ್ಲ್ಯಾಷರ್ ಹಾಕಿದಾಗ ಮಿನುಗದಿದ್ದರೆ ಮಾತ್ರ ಫ್ಲ್ಯಾಷರ್ ಕೆಟ್ಟಿದೆ ಅನ್ನಿ. ಸೇರಿಸಿದಾಗಲೂ ಉರಿಯದಿದ್ದರೆ ಫ್ಯೂಸ್, ಸ್ವಿಚ್ ಅಥವಾ ವೈರ್. ಲ್ಯೂಕಾಸ್ ಪದ್ಧತಿಯ ಬ್ರಿಟಿಷ್ ವೈರಿಂಗ್‌ನಲ್ಲಿ ಎಡ ಇಂಡಿಕೇಟರಿಗೆ ಹಸಿರಿನ ಮೇಲೆ ಕೆಂಪು ಗೆರೆ, ಬಲಕ್ಕೆ ಹಸಿರಿನ ಮೇಲೆ ಬಿಳಿ ಗೆರೆ, ಪಾರ್ಕಿಂಗಿಗೆ ಕೆಂಪು, ಅರ್ತ್‌ಗೆ ಕಪ್ಪು.

ಎಲ್ಲ ಸರಿ ಬಂದ ಮೇಲೆ ರಬ್ಬರ್ ಗ್ಯಾಸ್ಕೆಟ್ ಒರೆಸಿ, ಬಿರಿದಿದ್ದರೆ ಹೊಸದು ಹಾಕಿ, ಗ್ಲಾಸ್ ಕೂರಿಸಿ. ಸ್ಕ್ರೂವನ್ನು ರಬ್ಬರ್ ಅದುಮಿದ ಮೇಲೆ ಕಾಲು ಸುತ್ತು, ಅಷ್ಟೇ. ಹಳೆಯ ಪ್ಲಾಸ್ಟಿಕ್ ಸ್ಕ್ರೂ ತೂತಿನಿಂದಲೇ ಬಿರಿಯಲು ಶುರುವಾಗುವುದು. ನೀರು ಬರದಿರಲೆಂದು ಸುತ್ತಲೂ ಸಿಲಿಕಾನ್ ಮೆತ್ತಬೇಡಿ. ಒಳಗೆ ಕೂಡುವ ಹಬೆಗೆ ದಾರಿ ತಪ್ಪುತ್ತದೆ, ಮುಂದಿನ ಸಲ ಬಿಚ್ಚುವಾಗ ಗ್ಲಾಸ್ ಒಡೆಯುತ್ತದೆ.

ಎಲ್‌ಇಡಿ ಹಾಕಬಹುದೇ?

ಇಂಡಿಕೇಟರಿಗೆ ಬೇಡ ಎನ್ನುವುದು ನಮ್ಮ ಸಲಹೆ. ಎಲ್‌ಇಡಿ ಎಳೆಯುವ ಕರೆಂಟಿಗೆ ಹಳೆಯ ಫ್ಲ್ಯಾಷರ್ ಅಲುಗುವುದೇ ಇಲ್ಲ. ಅದಕ್ಕೆಂದು 6 ಓಮ್ ರೆಸಿಸ್ಟರ್ ಸೇರಿಸಿದರೆ ಅದು 2 ಆಂಪಿಯರ್ ಎಳೆದು 24 ವಾಟ್ ಬಿಸಿ ಕಾರುತ್ತದೆ. ಉಳಿತಾಯ ಎಲ್ಲಿ ಬಂತು? ಎಲೆಕ್ಟ್ರಾನಿಕ್ ಫ್ಲ್ಯಾಷರ್ ಹಾಕುವುದು ಸರಿದಾರಿ, ಆದರೆ ಪಾಸಿಟಿವ್ ಅರ್ತ್ ಕಾರಾದರೆ ಫ್ಲ್ಯಾಷರ್, ಎಲ್‌ಇಡಿ ಎರಡೂ ಅದಕ್ಕೆ ಹೊಂದುವಂಥವೇ ಆಗಬೇಕು. ಡ್ಯಾಶ್‌ಬೋರ್ಡಿನಲ್ಲಿ ಎಡಕ್ಕೂ ಬಲಕ್ಕೂ ಸೇರಿ ಒಂದೇ ಸೂಚಕ ದೀಪವಿದ್ದು ಅದನ್ನು ಎರಡು ಬದಿಯ ವೈರುಗಳ ನಡುವೆ ಕಟ್ಟಿದ್ದರೆ ಇನ್ನೊಂದು ಫಜೀತಿ. ಆ ದೀಪದ ಕರೆಂಟ್ ಎದುರು ಬದಿಯ ಬಲ್ಬುಗಳ ಮೂಲಕ ಅರ್ತ್ ಸೇರುತ್ತದೆ. ತಂತಿ ಬಲ್ಬಿಗೆ ಅದು ಲೆಕ್ಕಕ್ಕಿಲ್ಲ, ಎಲ್‌ಇಡಿಗೆ ಸಾಕಾಗಿಬಿಡುತ್ತದೆ. ಎಡಕ್ಕೆ ಹಾಕಿದರೆ ಬಲದ್ದೂ ಮಿನುಗುತ್ತದೆ. ಗಂಟೆಗಟ್ಟಲೆ ಉರಿಯುವ ಬೇರೆ ಪಾರ್ಕಿಂಗ್ ಬಲ್ಬ್ ಇದ್ದರೆ ಅದಕ್ಕೆ ಮಾತ್ರ ಎಲ್‌ಇಡಿ ಹಾಕಿಕೊಳ್ಳಿ, ಗ್ಲಾಸಿಗೆ ಬಿಸಿ ತಗಲುವುದು ತಪ್ಪುತ್ತದೆ.

ಡಿಕ್ಕಿಯ ಟೂಲ್ ಚೀಲದಲ್ಲಿ ನಿಮ್ಮ ಹೋಲ್ಡರಿಗೆ ಹೊಂದುವ ಬಲ್ಬ್ ಎರಡು, ಪಾರ್ಕಿಂಗ್ ಬಲ್ಬ್ ಒಂದು, ಹತ್ತಿಯಲ್ಲಿ ಸುತ್ತಿ ಡಬ್ಬಿಯಲ್ಲಿಡಿ. ಡಬ್ಬಿಯ ಮುಚ್ಚಳದ ಒಳಗೆ ಬುಡದ ಜಾತಿ, ವೋಲ್ಟ್, ವಾಟ್ ಬರೆದು ಅಂಟಿಸಿ. ಕತ್ತಲಲ್ಲಿ ಹಿತ್ತಾಳೆಯ ಮೇಲಿನ ಅಕ್ಷರ ಓದಲಾಗುವುದಿಲ್ಲ.